ವಿಶ್ವಾಮಿತ್ರರು ರಾಮನನ್ನು ಕೇಳಲು ಬಂದದ್ದು

ಈ ಸಲದ ಗೋಡೆ ಪತ್ರಿಕೆಗೆ ಏಳನೇ ತರಗತಿಯವರೆಲ್ಲ ಒಂದೊಂದು ಬರೆಯಲೇಬೇಕು, ನಿಮಗೆ ಇದೇ ಕೊನೆಯ ಸಂಚಿಕೆ ಎಂದು ಮೇಷ್ಟ್ರು ಹೇಳಿದರು. ಎಲ್ಲರೂ ಗಬಗಬ ಅಂತ ವಿಷಯ ಹಿಡಿದುಕೊಂಡರು. ಒಬ್ಬ ನೀರಿನ ಮಹತ್ವ ಅಂದ, ಒಬ್ಬಳು ನಮ್ಮೂರ ಜಾತ್ರೆ ಅಂದಳು. ನಾನು ವಿಶ್ವಾಮಿತ್ರರು ರಾಮನನ್ನು ಕರೆದುಕೊಂಡು ಹೋದ ಕಥೆ ಬರೆಯುತ್ತೇನೆ ಅಂದೆ. "ಅದು ಎಲ್ಲರಿಗೂ ಗೊತ್ತಿರೋ ಕಥೆ ಕಣೇ, ಬೇರೆ ಬರಿ" ಎಂದು ಹಿಂದಿನ ಸಾಲಿನಿಂದ ಒಬ್ಬ ಕೂಗಿದ. ಗೊತ್ತಿರುವುದು ನಿಜ. ಆದರೆ ಪುಸ್ತಕ ಓದಿದ ಮೇಲೆ ನನಗೆ ಗೊತ್ತಿದ್ದದ್ದು ಕಾಲು ಭಾಗವೂ ಅಲ್ಲ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ಸಣ್ಣದಾಯಿತು ಅಂತ ಬೈಯಬೇಡಿ, ಹತ್ತಿರ ನಿಂತು ಓದಿ. ನನಗೆ ಕೊಟ್ಟ ಜಾಗ ಇಷ್ಟೇ.

ಡಿಸೆಂಬರ್‌ನಲ್ಲಿ ನಾವು ನಾಲ್ಕು ಜನ ಸೇರಿ ಲೈಬ್ರರಿ ಬೀರು ಧೂಳು ಹೊಡೆದೆವು. ಅದರಲ್ಲಿ ರಟ್ಟು ಕಿತ್ತುಹೋದ ಒಂದು ದಪ್ಪ ಪುಸ್ತಕ ಸಿಕ್ಕಿತು. ವಾಲ್ಮೀಕಿ ರಾಮಾಯಣದ ಬಾಲಕಾಂಡ, ಕನ್ನಡ ಗದ್ಯದಲ್ಲಿ. ಮೊದಲ ಹಾಳೆಗಳೇ ಇಲ್ಲ, ಆದ್ದರಿಂದ ಬರೆದವರ ಹೆಸರೂ ಇಲ್ಲ. ಮೇಷ್ಟ್ರನ್ನು ಕೇಳಿ ಮನೆಗೆ ತಂದೆ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದ್ದಾಗ ದೂರದರ್ಶನದಲ್ಲಿ ಹಳೇ ರಾಮಾಯಣ ಮತ್ತೆ ಹಾಕಿದ್ದರಲ್ಲ, ಅಪ್ಪ ಚಿಕ್ಕವರಿದ್ದಾಗ 1987ರಲ್ಲಿ ಮೊದಲ ಸಲ ಬಂದದ್ದು, ಅದನ್ನು ನಾನು ಅಜ್ಜಿಯ ತೊಡೆಯ ಮೇಲೆ ಕೂತು ನೋಡಿದ್ದೆ. ಆಗ ನನ್ನ ತಲೆಯಲ್ಲಿ ಉಳಿದದ್ದು ಬರೀ ಬಾಣ. ಬಾಣಕ್ಕೆ ಬಾಣ ತಾಗಿ ಬೆಂಕಿ ಬರುವುದು. ಪುಸ್ತಕದಲ್ಲಿ ನೋಡಿದರೆ ಬಾಣ ಬಿಡುವುದು ಸ್ವಲ್ಪ, ನಡೆಯುವುದೇ ಬಹಳ. ಬಾಲಕಾಂಡದಲ್ಲಿ 77 ಸರ್ಗಗಳಿವೆ. ವಿಶ್ವಾಮಿತ್ರರು ಅಯೋಧ್ಯೆಗೆ ಬರುವುದು 18ನೆಯದರಲ್ಲಿ, ರಾಮನನ್ನು ಬಿಟ್ಟು ಹೋಗುವುದು 74ನೆಯದರಲ್ಲಿ. ಅಷ್ಟು ದೂರ ಮೇಷ್ಟ್ರೂ ಶಿಷ್ಯನೂ ಜೊತೆಗಿರುತ್ತಾರೆ.

ಮೊದಲು ಅಯೋಧ್ಯೆಯ ಸಂಗತಿ ಹೇಳುತ್ತೇನೆ. ದಶರಥ ಮಕ್ಕಳ ಮದುವೆಯ ಯೋಚನೆ ಮಾಡುತ್ತಾ ಕೂತಿರುತ್ತಾನೆ. ಆಗ ವಿಶ್ವಾಮಿತ್ರರು ಬಾಗಿಲಿಗೆ ಬಂದರು ಎಂದು ಕಾವಲುಗಾರರು ಓಡಿ ಬಂದು ಹೇಳುತ್ತಾರೆ. ದಶರಥನಿಗೆ ಖುಷಿಯೋ ಖುಷಿ. ಏನು ಬೇಕೋ ಕೇಳಿ, ಕೊಡುತ್ತೇನೆ ಅಂದುಬಿಡುತ್ತಾನೆ. ಏನು ಕೇಳುತ್ತಾರೆ ಎಂದು ತಿಳಿಯದೆ ಮಾತು ಕೊಡುವುದು ರಾಜರಿಗೆಲ್ಲ ಒಂದು ರೋಗ ಅನ್ನಿಸುತ್ತದೆ. (ಮುಂದೆ ಕೈಕೇಯಿಯ ಹತ್ತಿರವೂ ಇದೇ ಕಥೆ.) ಮುನಿಗಳು ಕೇಳಿದ್ದು ರಾಮನನ್ನು. ನಾನು ಯಾಗ ಮಾಡುತ್ತಿದ್ದೇನೆ, ಮುಗಿಯುವ ಹೊತ್ತಿಗೆ ಮಾರೀಚ ಸುಬಾಹು ಎಂಬ ರಾಕ್ಷಸರು ಬಂದು ಯಜ್ಞವೇದಿಯ ಮೇಲೆ ರಕ್ತ ಮಾಂಸ ಸುರಿದು ಕೆಡಿಸುತ್ತಾರೆ, ಹತ್ತು ರಾತ್ರಿಯ ಮಟ್ಟಿಗೆ ನಿನ್ನ ಹಿರಿಮಗನನ್ನು ಕೊಡು ಎಂದರು. ಕೇಳಿದ ತಕ್ಷಣ ದಶರಥ ಮೂರ್ಛೆ ಹೋಗುತ್ತಾನೆ. ಎದ್ದು ಹೇಳುತ್ತಾನೆ: ಅವನಿಗಿನ್ನೂ ಹದಿನಾರು ತುಂಬಿಲ್ಲ, ಯುದ್ಧ ಗೊತ್ತಿಲ್ಲ, ರಾಕ್ಷಸರು ಮೋಸದಿಂದ ಹೊಡೆದಾಡುವವರು. ಬೇಕಾದರೆ ನನ್ನ ಸೈನ್ಯವನ್ನೆಲ್ಲ ತೆಗೆದುಕೊಂಡು ನಾನೇ ಬರುತ್ತೇನೆ. ರಾಮನನ್ನು ಮಾತ್ರ ಕೇಳಬೇಡಿ.

ಇದನ್ನು ಮೊದಲು ಓದಿದಾಗ ದಶರಥನ ಮೇಲೆ ನನಗೆ ಸಿಟ್ಟು ಬಂತು. ಕೊಟ್ಟ ಮಾತಿಗೆ ಅರ್ಧ ಗಳಿಗೆಯಲ್ಲಿ ತಪ್ಪುತ್ತಾನಲ್ಲ ಅಂತ. ಪುಸ್ತಕ ಮುಚ್ಚಿಟ್ಟು ಮಲಗಿದೆ. ಜನವರಿಯಲ್ಲಿ ನಮ್ಮನೆಗೆ ಮೇಷ್ಟ್ರು ಬಂದರು. ಅವತ್ತಿನಿಂದ ಸಿಟ್ಟು ಹೋಯಿತು.

ನಮ್ಮ ಶಾಲೆ ಏಳನೇ ತರಗತಿಗೆ ಮುಗಿಯುತ್ತದೆ. ಹೈಸ್ಕೂಲು ಇರುವುದು ಹೋಬಳಿ ಊರಿನಲ್ಲಿ, ಆರು ಕಿಲೋಮೀಟರು. ನಮ್ಮೂರಿನ ಗಂಡು ಹುಡುಗರು ಹೋಗುತ್ತಾರೆ. ಹೆಣ್ಣು ಹುಡುಗಿಯರು ಹೋದವರೂ ಇದ್ದಾರೆ, ನಿಂತವರೂ ಇದ್ದಾರೆ. ಈಗ ನಿಂತವರೇ ಜಾಸ್ತಿ. ಮೇಷ್ಟ್ರು ಬಂದು ಜಗಲಿಯ ಮೇಲೆ ಕೂತರು. ಅಪ್ಪ ಹೊಲದಿಂದ ಬಂದವರು ಕೈಕಾಲು ತೊಳೆದು, ಟವೆಲಿನಲ್ಲಿ ಮುಖ ಒರೆಸಿಕೊಂಡು, "ಏನಪ್ಪಣೆ ಆಗ್ಬೇಕು ಮೇಷ್ಟ್ರೇ" ಅಂದರು. ಅಮ್ಮ ಕಾಫಿ ಕೊಟ್ಟಳು. ನಾನು ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಮೇಷ್ಟ್ರು ಸುತ್ತಿ ಬಳಸಿ ಮಾತಾಡಲಿಲ್ಲ. "ಹುಡುಗಿಯನ್ನು ಹೈಸ್ಕೂಲಿಗೆ ಸೇರಿಸಬೇಕು. ಅದನ್ನೇ ಕೇಳೋಕೆ ಬಂದೆ" ಅಂದರು.

ಅಪ್ಪ ಮೂರ್ಛೆ ಹೋಗಲಿಲ್ಲ. ಸುಮ್ಮನೆ ಲೋಟ ತಿರುಗಿಸುತ್ತಾ ಕೂತರು. ಆಮೇಲೆ, "ಅವ್ಳಿನ್ನೂ ಚಿಕ್ಕೋಳು ಮೇಷ್ಟ್ರೇ. ಮಳೆಗಾಲ್ದಲ್ಲಿ ಕತ್ತಲಾಯ್ತದೆ. ಹುಣಸೆ ತೋಪಿನ ದಾರಿ ನೀವೇ ನೋಡಿದ್ದೀರಿ" ಅಂದರು. ಮೇಷ್ಟ್ರು ಏನೋ ಹೇಳಿದರು. ಅಪ್ಪ ಮತ್ತೆ, "ಬೇಕಾದ್ರೆ ನಾನೇ ಬಂದು ಸ್ಕೂಲ್ ಗೋಡೆಗೆಲ್ಲ ಸುಣ್ಣ ಹೊಡ್ಕೊಡ್ತೀನಿ, ಕೂಲಿ ಬ್ಯಾಡ. ಇದೊಂದು ಮಾತ್ರ ಕೇಳ್ಬ್ಯಾಡಿ" ಅಂದರು.

ನನಗೆ ಒಳಗಿಂದಲೇ ಮೈ ಜುಮ್ ಅಂದಿತು. ಇದು ದಶರಥನ ಮಾತೇ ಅಲ್ಲವೇ! ಸೈನ್ಯ ತರುತ್ತೇನೆ, ಮಗನನ್ನು ಕೇಳಬೇಡ. ಸುಣ್ಣ ಹೊಡೆಯುತ್ತೇನೆ, ಮಗಳನ್ನು ಕೇಳಬೇಡ. ಅವತ್ತು ರಾತ್ರಿ ಆ ಪುಟ ಮತ್ತೆ ತೆಗೆದು ಓದಿದೆ. ದಶರಥ ಸುಳ್ಳುಗಾರನ ಥರ ಕಾಣಿಸಲಿಲ್ಲ. ಎಷ್ಟೋ ಸಾವಿರ ವರ್ಷ ಮಕ್ಕಳಿಲ್ಲದೆ ಇದ್ದು ಕಡೆಗೆ ಯಾಗ ಮಾಡಿ ಮಗನನ್ನು ಪಡೆದವನು. ಹೆದರಿಕೆಯಾದಾಗ ಮನುಷ್ಯ ತನ್ನ ಹತ್ತಿರ ಇರುವುದನ್ನೆಲ್ಲ ಮುಂದೆ ಇಡುತ್ತಾನೆ, ಕೇಳಿದ್ದನ್ನು ಬಿಟ್ಟು.

ವಿಶ್ವಾಮಿತ್ರರಿಗೆ ಕೋಪ ಬಂದು ಭೂಮಿ ಅದುರಿತು ಎಂದು ಪುಸ್ತಕದಲ್ಲಿದೆ. ಆಗ ನಡುವೆ ಬಂದು ಮಾತಾಡುವವರು ವಸಿಷ್ಠರು. ಮಾತಿಗೆ ತಪ್ಪಬೇಡ ಎಂದು ರಾಜನಿಗೆ ಹೇಳುತ್ತಾರೆ. ಅದು ಎಲ್ಲರೂ ಹೇಳುವ ಬುದ್ಧಿ. ಆದರೆ ಕೊನೆಗೆ ಇನ್ನೊಂದು ಹೇಳುತ್ತಾರೆ, ಅದನ್ನು ಓದಿ ನಾನು ಪೆನ್ಸಿಲಿನಲ್ಲಿ ಗೆರೆ ಹಾಕಿದೆ. (ಲೈಬ್ರರಿ ಪುಸ್ತಕಕ್ಕೆ ಗೆರೆ ಹಾಕಬಾರದು, ಗೊತ್ತು. ಅಳಿಸಿದ್ದೇನೆ.) ಆ ರಾಕ್ಷಸರನ್ನು ಕೊಲ್ಲಲು ವಿಶ್ವಾಮಿತ್ರರಿಗೇ ಶಕ್ತಿಯಿದೆ, ನಿನ್ನ ಮಗನಿಗೆ ಒಳ್ಳೆಯದಾಗಲಿ ಎಂದು ನಿನ್ನ ಹತ್ತಿರ ಬಂದು ಬೇಡುತ್ತಿದ್ದಾರೆ ಎನ್ನುತ್ತಾರೆ ವಸಿಷ್ಠರು. ಅಂದರೆ ಮುನಿಗಳಿಗೆ ರಾಮನಿಂದ ಆಗಬೇಕಾದ್ದು ಏನೂ ಇರಲಿಲ್ಲ. ಇಷ್ಟು ದಿನ ನಾನು ಪಾಪ, ಮುನಿಗಳಿಗೆ ಕಷ್ಟ ಬಂದಿದೆ, ರಾಮ ಸಹಾಯಕ್ಕೆ ಹೋದ ಎಂದುಕೊಂಡಿದ್ದೆ. ಅದು ತಿರುಗುಮುರುಗು ಆಯಿತು.

ನಮ್ಮನೆಯಲ್ಲಿ ವಸಿಷ್ಠರ ಕೆಲಸ ಮಾಡಿದ್ದು ಅಜ್ಜಿ. ಒಳಗೆ ರಾಗಿ ಕೇರುತ್ತಿದ್ದವಳು ಮೊರ ಹಿಡಿದುಕೊಂಡೇ ಹೊರಗೆ ಬಂದು, "ಅಲ್ಲ ಕಣ್ಲಾ, ಮನೆ ಬಾಗ್ಲಿಗೆ ಬಂದು ಕೇಳ್ತಾವ್ರೆ, ಅವ್ರಿಗೇನು ಲಾಭ ಐತೆ? ಯೋಚ್ನೆ ಮಾಡಿ ಹೇಳ್ತೀನಿ ಅನ್ನು" ಅಂದಳು. ಮೇಷ್ಟ್ರಿಗೇ ಆಶ್ಚರ್ಯ ಆಗಿರಬೇಕು. ಯಾಕೆಂದರೆ ಹೋದ ವರ್ಷ ನಮ್ಮ ಮೇಕೆ ಶಾಲೆಯ ತೋಟಕ್ಕೆ ನುಗ್ಗಿ ನುಗ್ಗೆ ಸಸಿ ಪೂರ್ತಿ ಮೇಯ್ದಿತ್ತು. ಮೇಷ್ಟ್ರು ಮೇಕೆ ಕಟ್ಟಿಹಾಕಿದ್ದರು. ಅಜ್ಜಿ ಹೋಗಿ ಜಗಳ ಮಾಡಿ ಬಿಡಿಸಿಕೊಂಡು ಬಂದಿದ್ದಳು. ಅವತ್ತಿನಿಂದ ಅಜ್ಜಿ ಮೇಷ್ಟ್ರ ಹತ್ತಿರ ಮಾತು ಬಿಟ್ಟಿದ್ದಳು. ಮೇಷ್ಟ್ರು ಇದನ್ನು ಓದುತ್ತಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಈ ಮೇಕೆ ಜಗಳದ ವಿಷಯ ಮುಂದೆ ಮತ್ತೆ ಬರುತ್ತದೆ.

ಕಡೆಗೆ ದಶರಥ ಒಪ್ಪಿ, ತಾಯಿ ಹರಸಿ, ವಸಿಷ್ಠರು ಮಂತ್ರ ಹೇಳಿ, ರಾಮನನ್ನು ಮುನಿಗಳ ಕೈಗೆ ಒಪ್ಪಿಸುತ್ತಾರೆ. ಲಕ್ಷ್ಮಣನೂ ಹೊರಡುತ್ತಾನೆ. ಇಲ್ಲಿ ನಾನು ಹಿಂದಕ್ಕೂ ಮುಂದಕ್ಕೂ ಪುಟ ತಿರುವಿ ಹುಡುಕಿದೆ. ನಿನಗೆ ಹೋಗಲು ಇಷ್ಟವೇನಪ್ಪಾ ಎಂದು ರಾಮನನ್ನು ಯಾರೂ ಕೇಳುವುದಿಲ್ಲ. ರಾಜ ಮಾತಾಡುತ್ತಾನೆ, ಮುನಿ ಮಾತಾಡುತ್ತಾರೆ, ಕುಲಗುರು ಮಾತಾಡುತ್ತಾರೆ. ಎಲ್ಲ ರಾಮನ ವಿಷಯವೇ, ರಾಮ ಮಾತ್ರ ಇಲ್ಲ. ಅವತ್ತು ಜಗಲಿಯ ಮೇಲೂ ಹಾಗೇ ಆಯಿತು. ಮೂರು ಜನ ನನ್ನ ವಿಷಯ ಮಾತಾಡಿದರು. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ? ನಿಜ ಹೇಳುತ್ತೇನೆ, ಹೋಗಬೇಕು ಎಂದೂ ಇತ್ತು, ಹೋಗಲು ಭಯವೂ ಇತ್ತು. ಆ ಶಾಲೆಯಲ್ಲಿ ನಮ್ಮೂರಿನ ಹತ್ತು ಪಟ್ಟು ಮಕ್ಕಳಿದ್ದಾರೆ. ಅಪ್ಪ ಬೇಡ ಅಂದಾಗ ಅಳು ಬಂತು. ಅಜ್ಜಿ ಕಳಿಸು ಅಂದಾಗಲೂ ಅಳು ಬಂತು. ಅದನ್ನು ಯಾರಿಗೆ ಹೇಳುವುದು.

ಈಗ ದಾರಿಯ ಸಂಗತಿ. ಇದೇ ನನಗೆ ಎಲ್ಲಕ್ಕಿಂತ ಇಷ್ಟ. ಮುಂದೆ ವಿಶ್ವಾಮಿತ್ರರು, ಅವರ ಹಿಂದೆ ರಾಮ, ರಾಮನ ಹಿಂದೆ ಲಕ್ಷ್ಮಣ. ರಥ ಇಲ್ಲ, ಕುದುರೆ ಇಲ್ಲ. ಒಂದೂವರೆ ಯೋಜನ ನಡೆದು ಸರಯೂ ನದಿಯ ದಕ್ಷಿಣ ದಡಕ್ಕೆ ಬರುತ್ತಾರೆ. ಯೋಜನ ಎಂದರೆ ಎಂಟು ಮೈಲಿ ಎಂದು ಕೆಲವರು ಲೆಕ್ಕ ಹಾಕುತ್ತಾರೆ, ಹಾಗಾದರೆ ಸುಮಾರು 19 ಕಿಲೋಮೀಟರು. ಆಮೇಲೆ ಮುನಿಗಳು ಮೊದಲ ಸಲ 'ರಾಮಾ' ಎಂದು ಮೆತ್ತಗೆ ಕರೆದು, ಬಲಾ ಅತಿಬಲಾ ಎಂಬ ಎರಡು ವಿದ್ಯೆ ಹೇಳಿಕೊಡುತ್ತಾರೆ. ಅದನ್ನು ಕಲಿತರೆ ಹಸಿವು ಬಾಯಾರಿಕೆ ಇಲ್ಲ, ಆಯಾಸ ಇಲ್ಲ. ನೋಡಿ, ಮೊದಲು ಕೊಟ್ಟದ್ದು ಬಿಲ್ಲಿನ ವಿದ್ಯೆ ಅಲ್ಲ. ನಡೆದು ಸುಸ್ತಾದ ಹುಡುಗರಿಗೆ ಮೊದಲು ಬೇಕಾದ್ದು ಯಾವುದೋ ಅದು.

ಆ ರಾತ್ರಿ ಅರಮನೆಯ ಹುಡುಗರು ನದಿ ದಡದಲ್ಲಿ ಹುಲ್ಲು ಹಾಸಿಕೊಂಡು ಮಲಗುತ್ತಾರೆ. ಅಭ್ಯಾಸವಿಲ್ಲದ ಹಾಸಿಗೆ, ಆದರೂ ಮುನಿಗಳ ಮಾತು ಕೇಳುತ್ತಾ ರಾತ್ರಿ ಸುಖವಾಗಿ ಕಳೆಯಿತಂತೆ. ಬೆಳಗಾದಾಗ ಮುನಿಗಳು ರಾಮನನ್ನು ಎಬ್ಬಿಸುತ್ತಾರೆ. ಎಬ್ಬಿಸುವಾಗ ಮೊದಲು ಅವನ ತಾಯಿಯ ಹೆಸರು ಹೇಳುತ್ತಾರೆ. ನಮ್ಮೂರ ದೇವಸ್ಥಾನದ ಮೈಕಿನಲ್ಲಿ ಬೆಳಗಿನ ಜಾವ ವೆಂಕಟೇಶ್ವರ ಸುಪ್ರಭಾತ ಹಾಕುತ್ತಾರಲ್ಲ, ಎಂ.ಎಸ್. ಸುಬ್ಬುಲಕ್ಷ್ಮಿಯವರು ಹಾಡಿರುವುದು, ಅದರ ಮೊದಲನೇ ಶ್ಲೋಕ ಇದೇ! ವಾಲ್ಮೀಕಿ ರಾಮಾಯಣದಿಂದ ತೆಗೆದುಕೊಂಡದ್ದು. ದಿನಾ ಕೇಳಿ ದುಪ್ಪಟಿ ಮುಸುಕು ಹಾಕಿಕೊಳ್ಳುತ್ತಿದ್ದೆ. ಅದು ಒಬ್ಬ ಮೇಷ್ಟ್ರು ಊರು ಬಿಟ್ಟು ಬಂದ ಹುಡುಗನನ್ನು ಹುಲ್ಲಿನ ಮೇಲಿಂದ ಎಬ್ಬಿಸಿದ ಮಾತು ಎಂದು ಈಗ ತಿಳಿಯಿತು. ಮೊದಲ ರಾತ್ರಿ ಮನೆ ಬಿಟ್ಟು ಮಲಗಿದವನಿಗೆ ಎದ್ದ ಕೂಡಲೇ ತಾಯಿಯ ಹೆಸರು ಕೇಳಿದರೆ ಹೇಗಿರುತ್ತದೆ!

ಆಮೇಲೆ ರಾಮ ಬಾಯಿ ಬಿಡುತ್ತಾನೆ. ಏನು ಕೇಳುತ್ತಾನೆ ಗೊತ್ತೇ? ಗಂಗೆ ಸರಯೂ ಸೇರುವ ಜಾಗದ ಹತ್ತಿರ ಒಂದು ಆಶ್ರಮ ಕಾಣುತ್ತದೆ. ಇದು ಯಾರ ಆಶ್ರಮ ಎಂದು ಇಬ್ಬರೂ ಕೇಳುತ್ತಾರೆ. ಮುನಿಗಳು ನಗುತ್ತಾ, ಇಲ್ಲೇ ಶಿವನು ಕಾಮನನ್ನು ಸುಟ್ಟದ್ದು, ಅವನ ಅಂಗ ಬಿದ್ದದ್ದರಿಂದ ಈ ದೇಶಕ್ಕೆ ಅಂಗ ಎಂದು ಹೆಸರು ಎಂದು ಕಥೆ ಹೇಳುತ್ತಾರೆ. ಮರುದಿನ ದೋಣಿಯಲ್ಲಿ ಗಂಗೆ ದಾಟುವಾಗ ನಡು ನೀರಿನಲ್ಲಿ ಭೋರ್ ಎಂದು ಶಬ್ದ ಬರುತ್ತದೆ. ಇದೇನು ಶಬ್ದ ಎಂದು ರಾಮ ಕೇಳುತ್ತಾನೆ. ಎರಡು ನದಿಗಳ ನೀರು ಒಂದಕ್ಕೊಂದು ಬಡಿಯುವ ಸದ್ದು, ನಿಮ್ಮ ಅಯೋಧ್ಯೆಯ ಸರಯೂ ಮಾನಸ ಸರೋವರದಿಂದ ಹುಟ್ಟಿ ಬಂದು ಇಲ್ಲಿ ಗಂಗೆಗೆ ಸೇರುತ್ತಾಳೆ ಎಂದು ಮುನಿಗಳು ಹೇಳುತ್ತಾರೆ. ಅವನು ಹುಟ್ಟಿದಾಗಿನಿಂದ ನೋಡಿದ ನದಿ. ಅದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ದೋಣಿಯಲ್ಲಿ ಕೂತು ಕಲಿತ. ಪಾಠ ಎಲ್ಲ ಹೀಗೇ. ಕಾಡು ಕಂಡರೆ ಕಾಡಿನ ಕಥೆ, ಶೋಣ ನದಿ ಬಂದರೆ ಆ ಸೀಮೆಯ ಕಥೆ, ಗಂಗೆ ಮತ್ತೆ ಬಂದರೆ ಭಗೀರಥನ ಕಥೆ. ಒಂದು ಸಲವೂ ಮುನಿಗಳು "ಸುಮ್ನೆ ನಡಿಯೋ" ಅನ್ನುವುದಿಲ್ಲ.

ಮೇಷ್ಟ್ರು ನಕ್ಷೆ ಬಿಚ್ಚಿ ತೋರಿಸಿದರು. ಅಯೋಧ್ಯೆ ಉತ್ತರ ಪ್ರದೇಶದಲ್ಲಿ. ವಿಶ್ವಾಮಿತ್ರರ ಸಿದ್ಧಾಶ್ರಮ ಬಿಹಾರದ ಬಕ್ಸರ್‌ನಲ್ಲಿ ಇತ್ತು ಎಂದು ಅಲ್ಲಿಯ ಜನ ನಂಬುತ್ತಾರೆ, ಅದು ಗಂಗೆಯ ದಕ್ಷಿಣ ದಡ. ಸೀತೆಯ ಊರು ಎಂದು ಹೇಳುವ ಜನಕಪುರ ಈಗ ನೇಪಾಳದಲ್ಲಿದೆ. ನಾವು ದಾರ ಇಟ್ಟು ಅಳೆದೆವು. ಅಯೋಧ್ಯೆಯಿಂದ ಜನಕಪುರಕ್ಕೆ ನೇರ ಗೆರೆಯಲ್ಲೇ 350 ಕಿಲೋಮೀಟರಿಗಿಂತ ಹೆಚ್ಚು. ಅವರು ನೇರ ಹೋಗಲಿಲ್ಲ, ದಕ್ಷಿಣಕ್ಕೆ ಇಳಿದು ಮತ್ತೆ ಉತ್ತರಕ್ಕೆ ಹತ್ತಿದರು. ನನ್ನದು ಆರು.

ಎಲ್ಲವೂ ಇಷ್ಟವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ತಾಟಕಿಯ ಸಂಗತಿ ನನಗೆ ಇಷ್ಟವಾಗಲಿಲ್ಲ. ಅವಳು ಹುಟ್ಟಿದ್ದು ರಾಕ್ಷಸಿಯಾಗಿ ಅಲ್ಲ. ಸುಕೇತು ಎಂಬ ಯಕ್ಷನ ಮಗಳು, ಬ್ರಹ್ಮನ ವರದಿಂದ ಸಾವಿರ ಆನೆಯ ಬಲ ಇದ್ದವಳು. ಗಂಡ ಸುಂದ ಅಗಸ್ತ್ಯರಿಂದ ಸತ್ತ. ಅವಳು ಮಗನನ್ನು ಕರೆದುಕೊಂಡು ಅಗಸ್ತ್ಯರ ಮೇಲೆ ನುಗ್ಗಿದಳು, ಅವರು ಶಾಪ ಕೊಟ್ಟರು, ಇಬ್ಬರೂ ರಾಕ್ಷಸರಾದರು. ಆ ಮಗನೇ ಮಾರೀಚ. ಆಮೇಲೆ ಅವಳು ಆ ಸೀಮೆಯ ಜನರನ್ನೆಲ್ಲ ತಿಂದು ಊರು ಹಾಳು ಮಾಡಿದ್ದು ತಪ್ಪೇ. ಈ ಕಥೆಯನ್ನೂ ಮುನಿಗಳೇ ರಾಮನಿಗೆ ಹೇಳುತ್ತಾರೆ, ಮುಚ್ಚಿಡುವುದಿಲ್ಲ. ಹೇಳಿ, ಹೆಂಗಸು ಎಂದು ಕನಿಕರ ಬೇಡ, ಕೊಲ್ಲು ಅನ್ನುತ್ತಾರೆ. ತಂದೆ ನಿಮ್ಮ ಮಾತು ಕೇಳು ಎಂದು ಕಳಿಸಿದ್ದಾರೆ, ಕೇಳುತ್ತೇನೆ ಎಂದು ರಾಮ ಒಪ್ಪುತ್ತಾನೆ. ಆದರೂ ಅವಳು ಎದುರಿಗೆ ಬಂದಾಗ ಲಕ್ಷ್ಮಣನ ಹತ್ತಿರ, ಇವಳನ್ನು ಕೊಲ್ಲಲು ಮನಸ್ಸು ಬರುವುದಿಲ್ಲ, ಕಿವಿ ಮೂಗು ಕತ್ತರಿಸಿ ಓಡಿಸುತ್ತೇನೆ ಅನ್ನುತ್ತಾನೆ. ಸಂಜೆ ಆದರೆ ರಾಕ್ಷಸರಿಗೆ ಬಲ ಹೆಚ್ಚು, ಬೇಗ ಮುಗಿಸು ಎಂದು ಮುನಿಗಳು ಅವಸರ ಮಾಡುತ್ತಾರೆ. ಕೊನೆಗೆ ಎದೆಗೆ ಬಾಣ ಬಿಡುತ್ತಾನೆ.

ಅಜ್ಜಿಗೆ ಇದನ್ನು ಓದಿ ಹೇಳಿದೆ. ಅಜ್ಜಿ ಬಹಳ ಹೊತ್ತು ಏನೂ ಹೇಳಲಿಲ್ಲ. "ಗಂಡನ್ನ ಕಳ್ಕೊಂಡೋಳ್ಗೆ ಯಾರೂ ಸಮಾಧಾನ ಹೇಳಿಲ್ವಾ?" ಅಂದಳು. ಆ ಪ್ರಶ್ನೆ ರಾಮ ಕೇಳಲಿಲ್ಲ. ಕೇಳಿದ್ದರೆ ವಿಶ್ವಾಮಿತ್ರರು ಏನು ಹೇಳುತ್ತಿದ್ದರು ಎಂದು ನಾನು ಎರಡು ದಿನ ಯೋಚನೆ ಮಾಡಿದೆ. ಗೊತ್ತಾಗಲಿಲ್ಲ. ಮೇಷ್ಟ್ರನ್ನು ಕೇಳಿದರೆ, "ನನಗೂ ಗೊತ್ತಿಲ್ಲಮ್ಮ, ಬರಿ ಅದನ್ನೂ" ಅಂದರು. ಬರೆದಿದ್ದೇನೆ.

ಇದಾದ ಮರುದಿನ ಬೆಳಿಗ್ಗೆ ಮುನಿಗಳು ತಮ್ಮ ಹತ್ತಿರ ಇದ್ದ ಅಸ್ತ್ರಗಳನ್ನೆಲ್ಲ ಕೊಡುತ್ತಾರೆ. ಪುಟಗಟ್ಟಲೆ ಹೆಸರು, ನಾನು ಬಿಟ್ಟು ಓದಿದೆ. ಆದರೆ ಅಷ್ಟೆಲ್ಲ ಸಿಕ್ಕಿದ ಮೇಲೆ ರಾಮ ಕೇಳುವುದು, ಇವನ್ನು ವಾಪಸು ತೆಗೆದುಕೊಳ್ಳುವುದು ಹೇಗೆ ಎಂದು. ನನಗೆ ನಗು ಬಂತು, ಯಾಕೆಂದರೆ ನಮ್ಮಣ್ಣ ನನಗೆ ಸೈಕಲ್ ಹೇಳಿಕೊಟ್ಟಾಗ ತುಳಿಯುವುದು ಮಾತ್ರ ಹೇಳಿಕೊಟ್ಟ. ಬ್ರೇಕ್ ಹಿಡಿಯುವುದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಳಿಜಾರಿನಲ್ಲಿ ಬಂದು ಸೀದಾ ತಿಪ್ಪೆಗೆ ಹೋಗಿ ಬಿದ್ದೆ.

ಸಿದ್ಧಾಶ್ರಮಕ್ಕೆ ಬಂದರು. ವಾಮನ ತಪಸ್ಸು ಮಾಡಿದ ಜಾಗ. ಮುನಿಗಳು ಯಾಗದ ದೀಕ್ಷೆ ಹಿಡಿದರು. ರಾಕ್ಷಸರು ಯಾವಾಗ ಬರುತ್ತಾರೆ, ನಾವು ಎಚ್ಚರವಾಗಿ ಇರಬೇಕಲ್ಲ ಎಂದು ಹುಡುಗರು ಕೇಳುತ್ತಾರೆ. ಆಗ ಉತ್ತರ ಕೊಡುವುದು ವಿಶ್ವಾಮಿತ್ರರಲ್ಲ, ಬೇರೆ ಮುನಿಗಳು. ವಿಶ್ವಾಮಿತ್ರರು ಇವತ್ತಿನಿಂದ ಮೌನ, ಆರು ದಿನ ಆರು ರಾತ್ರಿ ನೀವು ಕಾಯಬೇಕು ಅನ್ನುತ್ತಾರೆ. ಇಷ್ಟು ದಿನ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದವರು ಎದುರಿಗೇ ಕೂತಿದ್ದಾರೆ, ಮಾತಿಲ್ಲ. ಈಗ ಬಿಡಲೇ, ಆಗ ಬಿಡಲೇ, ಯಾವ ಅಸ್ತ್ರ ಎಂದು ಕೇಳುವ ಹಾಗಿಲ್ಲ. ಹುಡುಗರು ನಿದ್ದೆ ಬಿಟ್ಟು ಕಾದರು. ಆರನೆಯ ದಿನ ಆಕಾಶದಲ್ಲಿ ಗದ್ದಲವಾಗಿ ಅವರು ಬಂದರು. ರಾಮ ಮಾರೀಚನನ್ನು ಮಾನವಾಸ್ತ್ರದಿಂದ ನೂರು ಯೋಜನ ಆಚೆ ಸಮುದ್ರಕ್ಕೆ ಎಸೆದ, ಕೊಲ್ಲಲಿಲ್ಲ. ಸುಬಾಹುವನ್ನು ಆಗ್ನೇಯಾಸ್ತ್ರದಿಂದ ಕೊಂದ. ಯಾವುದು ಯಾರಿಗೆ ಎಂದು ತಾನೇ ಆರಿಸಿದ.

ನಮ್ಮ ಮೇಷ್ಟ್ರು ಲೆಕ್ಕ ಮಾಡಲು ಬೋರ್ಡಿಗೆ ಕರೆದು, ತಾವು ಕಿಟಕಿ ಹತ್ತಿರ ಹೋಗಿ ಹೊರಗೆ ನೋಡುತ್ತಾ ನಿಂತುಬಿಡುತ್ತಾರೆ. ಸರಿಯೋ ತಪ್ಪೋ ಹೇಳುವುದೇ ಇಲ್ಲ. ಸೀಮೆಸುಣ್ಣ ಬೆವರಿನಲ್ಲಿ ಒದ್ದೆ ಆಗುತ್ತದೆ. ಅದು ನಮ್ಮ ಮೇಲಿನ ಸಿಟ್ಟು ಎಂದು ಐದನೇ ತರಗತಿಯಿಂದ ಅಂದುಕೊಂಡಿದ್ದೆ.

ಮಿಥಿಲೆಯಲ್ಲಿ ಬಿಲ್ಲು ಮುರಿದದ್ದು ಎಲ್ಲರಿಗೂ ಗೊತ್ತು, ಬಿಡುತ್ತೇನೆ. ಅದಕ್ಕೆ ಮುಂಚೆ ಒಂದು ಸಂಗತಿ ನಡೆಯುತ್ತದೆ, ಅದು ಟಿ.ವಿ.ಯಲ್ಲಿ ನೋಡಿದ್ದು ನನಗೆ ನೆನಪಿಲ್ಲ. ಜನಕ ರಾಜನ ಪುರೋಹಿತರು ಶತಾನಂದರು, ಅಹಲ್ಯೆಯ ಮಗ. ಅವರು ರಾಮನಿಗೆ, ನಿನ್ನನ್ನು ಕರೆದುಕೊಂಡು ಬಂದ ಇವರು ಯಾರು ಗೊತ್ತೇ ಎಂದು ವಿಶ್ವಾಮಿತ್ರರ ಕಥೆಯನ್ನು ಶುರುವಿನಿಂದ ಹೇಳುತ್ತಾರೆ. ಇವರು ಮೊದಲು ರಾಜರು. ವಸಿಷ್ಠರ ಆಶ್ರಮಕ್ಕೆ ಹೋಗಿ, ಕೇಳಿದ್ದು ಕೊಡುವ ಅವರ ಹಸುವನ್ನು ನೋಡಿ ಆಸೆಪಟ್ಟು, ಕೊಡದಿದ್ದಾಗ ಎಳೆದುಕೊಂಡು ಹೊರಟರು. ಯುದ್ಧವಾಗಿ ಸೈನ್ಯ ಹೋಯಿತು, ಮಕ್ಕಳು ಸತ್ತರು. ತಪಸ್ಸು ಮಾಡಿ ಅಸ್ತ್ರ ತಂದು ಮತ್ತೆ ಸೋತರು. ತ್ರಿಶಂಕುವನ್ನು ಸ್ವರ್ಗಕ್ಕೆ ಕಳಿಸಲು ಹೋಗಿ ಅವನು ನಡುವೆ ತಲೆಕೆಳಗಾಗಿ ನಿಂತ. ಮೇನಕೆ ಬಂದು ಹತ್ತು ವರ್ಷ ಕಳೆದು ತಪಸ್ಸು ಹೋಯಿತು. ರಂಭೆಗೆ ಸಿಟ್ಟಿನಲ್ಲಿ ಶಾಪ ಕೊಟ್ಟು ಮತ್ತೆ ಹೋಯಿತು. ಕೊನೆಗೆ ಮಾತೂ ಸಿಟ್ಟೂ ಬಿಟ್ಟು ತಪಸ್ಸು ಮಾಡಿ ಬ್ರಹ್ಮರ್ಷಿ ಆದರು, ವಸಿಷ್ಠರೇ ಅದನ್ನು ಒಪ್ಪಿ ಸ್ನೇಹ ಮಾಡಿಕೊಂಡರು.

ಇಷ್ಟನ್ನೂ ಶಿಷ್ಯನ ಎದುರಿಗೆ ಹೇಳುವಾಗ ವಿಶ್ವಾಮಿತ್ರರು ಅಲ್ಲೇ ಕೂತಿದ್ದಾರೆ! ತಾವು ಸೋತದ್ದನ್ನು, ಹಸು ಕದಿಯಲು ಹೋದದ್ದನ್ನು ಹುಡುಗರು ಕೇಳಿಸಿಕೊಳ್ಳುತ್ತಿದ್ದಾರೆ, ಸಾಕು ನಿಲ್ಲಿಸಿ ಅನ್ನುವುದಿಲ್ಲ. ಆಗ ನನಗೆ ಅಯೋಧ್ಯೆಯ ಸಭೆ ನೆನಪಾಯಿತು. ಕಳಿಸು ಎಂದು ದಶರಥನಿಗೆ ಹೇಳಿದ್ದು ಆ ಹಸುವಿನ ವಸಿಷ್ಠರೇ. ಹಸುವಿನ ಜಗಳ ಆದವರೇ ಹಾಗೆ ಹೇಳಿದ ಮೇಲೆ ದಶರಥ ಇನ್ನೇನು ಅನ್ನುತ್ತಾನೆ? ಮೇಕೆ ವಿಷಯ ಮತ್ತೆ ಬರುತ್ತದೆ ಅಂದದ್ದು ಇದಕ್ಕೇ. ಅಜ್ಜಿಗೆ ಹೇಳಿದರೆ, "ಮೇಕೆ ಕಟ್ಟಿದ್ದು ತಪ್ಪೇ ಕಣೇ, ಅದ್ ಬೇರೆ ಇದ್ ಬೇರೆ" ಅಂದಳು.

ಮದುವೆ ಮುಗಿದ ಮರುದಿನ ಬೆಳಿಗ್ಗೆ ವಿಶ್ವಾಮಿತ್ರರು ಇಬ್ಬರು ರಾಜರಿಗೂ ಹೇಳಿ ಉತ್ತರದ ಪರ್ವತಕ್ಕೆ ಹೊರಟುಹೋಗುತ್ತಾರೆ. ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ರಾಮ ಅತ್ತನೋ, ಬಾಗಿಲವರೆಗೆ ಬಂದನೋ ಏನೂ ಬರೆದಿಲ್ಲ. ನಾನು ಪುಟ ಹಾರಿಸಿಬಿಟ್ಟೆನೇನೋ ಎಂದು ಎರಡು ಸಲ ನೋಡಿದೆ.

ಅಪ್ಪ ಇವತ್ತಿಗೂ ಹೂಂ ಅಂದಿಲ್ಲ. ಉಹೂಂ ಅಂತಲೂ ಅಂದಿಲ್ಲ. ಹೋದ ಭಾನುವಾರ ಬೆಳಿಗ್ಗೆ ದನಕ್ಕೆ ಹುಲ್ಲು ಹಾಕಿ ಬಂದವರು, ಚಪ್ಪಲಿ ಮೆಟ್ಟಿಕೊಂಡು, "ಬಾ, ಆ ಹೈಸ್ಕೂಲ್ ದಾರಿ ಒಂದ್ಸಲ ನೋಡ್ಕೊಂಡ್ ಬರೋಣ" ಅಂದರು. ಅಮ್ಮ ಬುತ್ತಿ ಕಟ್ಟಿಕೊಟ್ಟಳು. ಅಪ್ಪ ಮುಂದೆ, ನಾನು ಹಿಂದೆ. ಅಪ್ಪ ಮಾತು ಕಡಿಮೆ. ಕೆರೆ ಏರಿ ದಾಟುವವರೆಗೂ ಇಬ್ಬರೂ ಸುಮ್ಮನೆ ನಡೆದೆವು. ಹುಣಸೆ ತೋಪು ಬಂತು. ಹಗಲು ಹೊತ್ತಿನಲ್ಲೂ ಅಲ್ಲಿ ತಂಪು. ನನಗೆ ಏನು ಅನ್ನಿಸಿತೋ, "ಅಪ್ಪ, ಈ ತೋಪು ಯಾರ್ದು?" ಎಂದು ಕೇಳಿದೆ.

ಅಪ್ಪ ನಿಂತರು. "ಇದಾ? ಇದ್ರಲ್ಲಿ ಆ ಕಡೇ ಸಾಲು ನಿಮ್ ಮುತ್ತಾತ ನೆಟ್ಟಿದ್ದು" ಅಂದರು. ಆಮೇಲೆ ನಡೆಯುತ್ತಾ, "ನಾನೂ ಇದೇ ದಾರೀಲಿ ಮೂರ್ ತಿಂಗ್ಳು ಹೋಗಿದ್ದೆ ಹೈಸ್ಕೂಲಿಗೆ" ಅಂದರು. ನನಗೆ ಇದು ಗೊತ್ತೇ ಇರಲಿಲ್ಲ. ಯಾಕೆ ಬಿಟ್ಟಿರಿ ಎಂದು ಕೇಳಿದೆ. ಅಪ್ಪ ಮೋರಿಯ ಹತ್ತಿರ ಬರುವವರೆಗೆ ಸುಮ್ಮನಿದ್ದು, ಅಲ್ಲಿ ಕಟ್ಟೆಯ ಮೇಲೆ ಕೂತು ಹೇಳಲು ಶುರು ಮಾಡಿದರು. ಬುತ್ತಿ ಅಲ್ಲೇ ಬಿಚ್ಚಿದೆವು.